ಕಂಬಕ್ಕೆ ಕಿವಿ ಬಂದ ವರ್ಷ

ಕಳ್ಳ ಹುಟ್ಟುವುದಿಲ್ಲ, ಕಳವಿನ ಜಾಗ ಹುಟ್ಟುತ್ತದೆ. ಹುಬ್ಬಳ್ಳಿಯ ಪಹರೆ ಕೇಂದ್ರದ ಬಾಗಿಲ ಮೇಲೆ ಈ ಮಾತನ್ನು ಹಿತ್ತಾಳೆ ಅಕ್ಷರದಲ್ಲಿ ಕೂಡಿಸಿದ್ದರು. ಇಂದುಮತಿ ಆ ಮಾತನ್ನು ನಂಬಿಯೇ ಅಲ್ಲಿ ಕೆಲಸಕ್ಕೆ ಸೇರಿದ್ದಳು.

ಭೂಗೋಳ ಓದಿದವಳು. ಒಂದು ಮೂಲೆಯಲ್ಲಿ ನಿಲ್ಲಿಸಿದ ಸೈಕಲ್ಲುಗಳೆಲ್ಲ ಮಾಯವಾಗುತ್ತವೆ, ಅದರ ಮುಂದಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿಟ್ಟರೂ ಯಾರೂ ಮುಟ್ಟುವುದಿಲ್ಲ, ಯಾಕೆ? ಅವಳು ಓಣಿ ಓಣಿ ತಿರುಗಿ ಇದನ್ನೇ ನೋಡಿದ್ದಳು. ಕಿಟಕಿಯಿಲ್ಲದ ಗೋಡೆಯ ಪಕ್ಕ ಕಳವು ಹೆಚ್ಚು. ತಿಪ್ಪೆ ನಾರುವ ಕಡೆ ಯಾರೂ ನಿಲ್ಲುವುದಿಲ್ಲ, ಯಾರೂ ನೋಡುವುದಿಲ್ಲ, ಅಲ್ಲೂ ಹೆಚ್ಚು. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವ ಎರಡು ಬಾಯಿಯ ಓಣಿ ಕಳ್ಳನಿಗೆ ತವರುಮನೆ. ಬೇಸಿಗೆಯಲ್ಲಿ ಜನ ಬಾಗಿಲು ತೆರೆದು ಮಲಗುತ್ತಾರೆ, ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಬೀಗ ಮುರಿಯುವ ಸದ್ದು ಕೇಳುವುದಿಲ್ಲ. ಬೆಳಕು, ಸೆಕೆ, ಸದ್ದು, ವಾಸನೆ ಎಲ್ಲವನ್ನೂ ಕೂಡಿ ಕಳೆದು ಊರಿನ ಪ್ರತಿ ಜಾಗಕ್ಕೂ ಒಂದು ಅಂಕ ಕೊಡುವ ಯಂತ್ರ ಕೇಂದ್ರದಲ್ಲಿತ್ತು. ಅಂಕ ಗೆರೆ ದಾಟಿದರೆ ನಕ್ಷೆಯಲ್ಲಿ ಆ ಓಣಿ ಕೆಂಪಾಗುತ್ತಿತ್ತು.

ಕೆಂಪಾದ ಮೇಲೆ ಮುಂದಿನ ಕೆಲಸ ಆ ಓಣಿಯ ದೀಪದ ಕಂಬದ್ದು. ಕಣ್ಣಿಗೆ ಚುಚ್ಚುವಂಥ ಬಿಳಿ ಬೆಳಕು ಬೀರುತ್ತಿತ್ತು. ಕಿವಿಯ ಹಿಂದೆ ಸೊಳ್ಳೆ ಕೂತಂತೆ ಒಂದು ಸಣ್ಣ ಸದ್ದು ಹೊರಡಿಸುತ್ತಿತ್ತು. ಅಲ್ಲಿ ಯಾರಿಗೂ ನಿಲ್ಲಬೇಕು, ಕೂಡಬೇಕು ಎನಿಸಬಾರದು. ಕಳ್ಳನೂ ಮನುಷ್ಯನೇ ತಾನೇ, ನಿಲ್ಲಲಾಗದ ಕಡೆ ಹೊಂಚು ಹಾಕಿ ಹೇಗೆ ಕೂತಾನು? ಕಳ್ಳರಲ್ಲದವರೂ ಮನುಷ್ಯರೇ ಎಂಬ ಸಂಗತಿ ಆ ಲೆಕ್ಕದಲ್ಲಿ ಎಲ್ಲೋ ಬಿಟ್ಟುಹೋಗಿತ್ತು.

ಯಂತ್ರಕ್ಕೆ ಕಿವಿ ಕೊಟ್ಟವಳು ಇಂದುಮತಿಯೇ. ಠಾಣೆಗೆ ಹೋಗಿ ದೂರು ಬರೆಸುವವರು ಬಂಗಲೆಯವರು. ಬಡವರ ಮನೆಯ ಹಂಡೆ ಹೋದರೆ ಅವರು ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡು ಸುಮ್ಮನಾಗುತ್ತಾರೆ. ಹಾಗಾದರೆ ಆ ಕೂಗನ್ನೇ ದೂರು ಎಂದು ಹಿಡಿಯಬೇಕು ಎಂದು ಅವಳು ವಾದಿಸಿದಳು. ದನಿಯಲ್ಲಿ ಸಿಟ್ಟು, ಹೋದ ಸಾಮಾನಿನ ಹೆಸರು, 'ಒಯ್ದರು', 'ಕದ್ದರು' ಎಂಬ ಮಾತು, ಇಷ್ಟು ಒಟ್ಟಿಗೆ ಕೇಳಿದರೆ ಕಂಬ ಅದನ್ನು ಕಳವೆಂದು ಎಣಿಸಬೇಕು. ಕೇಂದ್ರದ ಮುಖ್ಯಸ್ಥರು ಮೈಸೂರು ಕಡೆಯ ಡಾಕ್ಟರ್ ಚಂದ್ರಮೌಳಿ. ಅವರು ಅವಳ ಬೆನ್ನು ತಟ್ಟಿದರು. ಆ ಚಳಿಗಾಲದಲ್ಲಿ ಊರಿನ ಕಂಬಗಳಿಗೆಲ್ಲ ಕಿವಿ ಬಂತು.

ಚಳಿಗಾಲ ಕಳೆದ ಮೇಲೆ ಹೋಳಿ ಬರುತ್ತದೆ. ಇದು ಇಂದುಮತಿಗೆ ಹೊಳೆಯಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಅದೇ ಸೀಮೆ, ಕೊಟ್ಟದ್ದು ಜೋಡಬಾವಿ ಓಣಿಗೆ. ಆದರೂ ಹೊಳೆಯಲಿಲ್ಲ. ಹಬ್ಬದ ಕಳವನ್ನು ಅವಳು ಒಂದು ದಿನವೂ ಕಳವೆಂದು ಎಣಿಸಿದ್ದರೆ ತಾನೇ ಹೊಳೆಯುವುದು?

ಹುಣ್ಣಿಮೆಯಿಂದ ಐದನೆಯ ದಿನ, ರಂಗಪಂಚಮಿಗೆ, ಕಾಮಣ್ಣನನ್ನು ಸುಡಲು ಕಟ್ಟಿಗೆ ಬೇಕು. ಅದನ್ನು ರೊಕ್ಕ ಕೊಟ್ಟು ತಂದರೆ ಓಣಿಯ ಮಾನ ಹೋದಂತೆ. ಕದ್ದೇ ತರಬೇಕು. ಕಳಕೊಂಡವರು ಹೊಸ್ತಿಲ ಮೇಲೆ ನಿಂತು ಬಾಯಿಗೆ ಬಂದಂತೆ ಬೈಯಬೇಕು. ಬೈಯದೆ ಒಳಗೆ ಹೋದವರ ಮನೆಯಿಂದ ಮರುವರ್ಷ ಯಾರೂ ಒಂದು ಸಗಣಿ ಕುಳ್ಳನ್ನೂ ಕದಿಯುವುದಿಲ್ಲ. ಮದುವೆಗೆ ಕರೆಯದೆ ಬಿಟ್ಟಷ್ಟು ದೊಡ್ಡ ಅವಮಾನ ಅದು.

ಜೋಡಬಾವಿ ಓಣಿಯಲ್ಲಿ ಬೈಗುಳದ ಪಟ್ಟ ಇಂದುಮತಿಯ ಅತ್ತೆ ಬಸಲಿಂಗವ್ವನದು. ಗಂಡ ಸತ್ತ ಮೇಲೆ ಓಣಿಯ ಕಲ್ಲಿನ ಕಟ್ಟೆಯ ಮೇಲೆ ಒಲೆ ಹೂಡಿ, ಸಂಜೆ ಸಂಜೆ ಜೋಳದ ರೊಟ್ಟಿ ಬಡಿದು ಮಾರಿ ಮಗನನ್ನು ಸಾಕಿದವಳು. ಹಮಾಲರು, ಹಾಸ್ಟೆಲ್ ಹುಡುಗರು ಕಟ್ಟೆಯ ಸುತ್ತ ಕೂತು ಉಣ್ಣುತ್ತಿದ್ದರು. ಆಕೆ ಬೈದು ಬಡಿಸಿದರೇ ಅವರಿಗೆ ಹೊಟ್ಟೆ ತುಂಬುವುದು. ಸೊಸೆಯನ್ನೂ ಆಕೆ ಬಿಟ್ಟವಳಲ್ಲ. "ಕಂಬ ಕಾಯೂ ಸೊಸಿ ಸಿಕ್ಕಾಳ ನನಗ, ಒಂದು ರೊಟ್ಟಿ ಬಡಿಯಾಕ ಬರೂದಿಲ್ಲ" ಎಂದು ಬಂದವರಿಗೆಲ್ಲ ಹೇಳುವಳು. ಇಂದುಮತಿಯೂ ಅತ್ತೆಯ ಮುಂದೆ ಬಾಯಿ ಬಿಗಿದುಕೊಂಡೇ ಇರುವಳು. ಇಬ್ಬರ ನಡುವೆ ಪ್ರೀತಿ ಇತ್ತೆಂದು ಹೇಳಿದರೆ ಸುಳ್ಳಾದೀತು.

ಹುಣ್ಣಿಮೆಗೆ ಇನ್ನೂ ಒಂದು ವಾರ ಇರುವಾಗ ಬಸಲಿಂಗವ್ವ ಹಗ್ಗದ ಹೊರಸೊಂದನ್ನು, ಕಾಲು ಮುರಿದ ಹಳೆಯ ಮಂಚವನ್ನು, ಬೇಕಂತಲೇ ಅಂಗಳದಲ್ಲಿ ಇಟ್ಟಳು. ಅವಳ ಮಗ, ಇಂದುಮತಿಯ ಗಂಡ ಮಲ್ಲೇಶಿಯೇ ಕಾಮಣ್ಣನ ತಂಡದ ಮುಂದಾಳು. ನಲವತ್ತು ದಾಟಿದ ಸರ್ಕಾರಿ ಬಸ್ ಕಂಡಕ್ಟರ್. ತನ್ನ ಮನೆಯ ಹೊರಸನ್ನು ತಾನೇ ತಲೆಯ ಮೇಲೆ ಹೊತ್ತು ಓಡಿದ. ತಾಯಿ ಹೊಸ್ತಿಲಿಗೆ ಬಂದು ಸೊಂಟಕ್ಕೆ ಸೆರಗು ಕಟ್ಟಿದಳು.

"ಯಾವ ಮೂಳ ಒಯ್ದ್ಯೋ ನನ್ನ ಹೊರಸು! ಕಳ್ಳ ಭಾಡ್ಯಾ, ನಿನ್ನ ಕೈ ಸೇದಿ ಹೋಗಲಿ! ನನ್ನ ಹೊರಸು ಕದ್ದಾವ್ನ ಮನಿಯಾಗ ಬೆಕ್ಕ ಸೈತ ಇಲಿ ಹಿಡೀದಂಗಾಗಲಿ!"

ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಬಾಕಿ ಮನೆಯವರೂ ತಮ್ಮ ತಮ್ಮ ಹೊಸ್ತಿಲಿಗೆ ಬಂದು, ಹೋದ ಮರದ ಹಲಗೆ, ಹೋದ ಕುರ್ಚಿ, ಹೋದ ಕುಳ್ಳಿನ ಹೆಸರು ಹಿಡಿದು ಬೈದರು. ಕಟ್ಟೆಯ ಪಕ್ಕದ ಕಂಬ ಎಲ್ಲವನ್ನೂ ಕೇಳಿಸಿಕೊಂಡಿತು.

ಆ ಹೊತ್ತಿಗೆ ಇಂದುಮತಿ ಕೇಂದ್ರದಲ್ಲಿ ನಕ್ಷೆಯ ಮುಂದೆ ಕೂತಿದ್ದಳು. ಜೋಡಬಾವಿ ಓಣಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುವುದನ್ನು ಕಣ್ಣಾರೆ ಕಂಡಳು. ಮೊದಲು ನಗು ಬಂತು. ಆಮೇಲೆ ಕೆಂಪು ತೆಗೆಯಲು ಹೋದಳು. ತೆಗೆಯಲು ದಾರಿ ಇರಲಿಲ್ಲ.

ಮರುಸಂಜೆಯಿಂದ ಓಣಿಯಲ್ಲಿ ಬಿಳಿ ಬೆಳಕು ಬಿತ್ತು, ಸದ್ದು ಶುರುವಾಯಿತು. ಹಮಾಲರು ತಟ್ಟೆ ಹಿಡಿದು ಕೂತವರು ಅರ್ಧ ರೊಟ್ಟಿಗೇ ಎದ್ದರು. ಮೂರನೆಯ ದಿನ ಯಾರೂ ಬರಲಿಲ್ಲ. ಕೂಸುಗಳು ರಚ್ಚೆ ಹಿಡಿದವು. ನಿದ್ದೆಗೆಟ್ಟ ಜನಕ್ಕೆ ನಳದ ಮುಂದೆ ಕೊಡ ಹಿಂದುಮುಂದಾದರೂ ಸಾಕು, ಜಗಳ. ಮೊದಲೆಲ್ಲ ಸಂಜೆಗೆ ಕಟ್ಟೆಯ ಮೇಲೆ ನಾಲ್ಕು ಜನ ಇರುತ್ತಿದ್ದರು, ಓಣಿಗೆ ಹೊಸಬ ಕಾಲಿಟ್ಟರೆ "ಯಾರ ಮನಿಗೆ ತಮ್ಮಾ?" ಎಂದು ಕೇಳುತ್ತಿದ್ದರು. ಈಗ ಎಲ್ಲರೂ ಕದ ಹಾಕಿಕೊಂಡು ಒಳಗೆ. ವಾರ ತುಂಬುವುದರೊಳಗೆ ಗೌರಕ್ಕನ ಮನೆಯ ಗ್ಯಾಸ್ ಸಿಲಿಂಡರ್ ನಿಜವಾಗಿಯೇ ಕಳವಾಯಿತು. ಆಕೆ ನಿಜವಾಗಿಯೇ ಅತ್ತಳು. ಕಂಬ ಅದನ್ನೂ ಎಣಿಸಿಕೊಂಡಿತು.

"ನಿನ್ನ ಕಂಬ ನಮ್ಮ ಅನ್ನಕ್ಕ ಮಣ್ಣ ಹಾಕ್ತಲ್ಲಬೇ" ಎಂದಳು ಗೌರಕ್ಕ, ಇಂದುಮತಿಯನ್ನು ನಡುಓಣಿಯಲ್ಲಿ ತಡೆದು. "ಇಷ್ಟ ವರ್ಷ ಇದ್ವಿ, ಒಂದು ಚಪ್ಪಲಿ ಹೋಗಿದ್ದಿಲ್ಲ. ನಿಮ್ಮ ಕೇಂದ್ರದವರಽ ಬಂದು ಕಳ್ಳರಿಗೆ ದಾರಿ ತೋರಿಸಿದ್ರಿ."

ಗೌರಕ್ಕ ಹೇಳಿದ್ದು ಖರೆ. ಕಳವಿನ ಜಾಗ ಹುಟ್ಟುತ್ತದೆ ಎಂದು ಬಾಗಿಲ ಮೇಲೆ ಬರೆಸಿದವರೇ ಇಲ್ಲಿ ಅದನ್ನು ಹುಟ್ಟಿಸಿದ್ದರು.

ಅದರ ಬೆನ್ನಿಗೇ ಕೇಂದ್ರದಿಂದ ಆದೇಶ ಬಂತು. ಓಣಿ ಕೆಂಪಾಗಿಯೇ ಉಳಿದರೆ ರಂಗಪಂಚಮಿಯ ಮರುದಿನ ಕಟ್ಟೆ ಒಡೆದು, ಆ ಜಾಗದಲ್ಲಿ ಯಾರೂ ಕೂಡದಂತೆ ಮೊಳೆ ನಟ್ಟ ಕಲ್ಲು ಹಾಕುತ್ತಾರೆ. ಕಟ್ಟೆ ಹೋದರೆ ಬಸಲಿಂಗವ್ವನ ಒಲೆಯೂ ಹೋದಂತೆ. ಆದೇಶ ಓದಿ ಹೇಳಿದ ಸೊಸೆಯ ಮುಖವನ್ನು ಆಕೆ ದಿಟ್ಟಿಸಿ ನೋಡಿದಳು.

"ಇದಕ್ಕಽ ಏನು ನೀ ಅಷ್ಟು ಓದಿದ್ದು?" ಎಂದಳು. ಬೈಗುಳವಿಲ್ಲದ ಮಾತು ಆಕೆಯ ಬಾಯಿಂದ ಇಂದುಮತಿ ಕೇಳಿದ್ದು ಅದೇ ಮೊದಲು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮರುದಿನ ಇಂದುಮತಿ ಚಂದ್ರಮೌಳಿಯವರ ಕೋಣೆಗೆ ಹೋದಳು. ಹೋಳಿಯ ಕಥೆಯನ್ನೆಲ್ಲ ಹೇಳಿದಳು. ಅವರು ಕಾಫಿ ಕುಡಿಯುತ್ತಾ ಕೇಳಿದರು.

"ಹಬ್ಬದ ಕಳ್ಳತನವೂ ಕಳ್ಳತನವೇ ಕಣಮ್ಮ. ಯಂತ್ರಕ್ಕೆ ಪಂಚಾಂಗ ಓದೋಕೆ ಬರುತ್ತಾ?"

"ದೂರು ಕೊಟ್ಟವರೇ ಹಿಂದೆ ತೆಗೆದುಕೊಂಡರೆ ಸರ್?"

"ಅದಕ್ಕೆ ಜಾಗವೇ ಇಟ್ಟಿಲ್ಲ. ಇಟ್ಟರೆ ರೌಡಿಗಳು ಹೆದರಿಸಿ ಹಿಂದೆ ತೆಗೆಸ್ತಾರೆ ಅಂತ ಹೇಳಿದ್ದು ನೀವೇ ಅಲ್ವಾ? ಸರಿಯಾಗೇ ಹೇಳಿದ್ರಿ." ಅವರು ಕಪ್ಪು ಕೆಳಗಿಟ್ಟರು. "ಒಂದು ದಾರಿ ಇದೆ. ಸಾಮಾನು ಕಳಕೊಂಡವರು ಕಂಬದ ಮುಂದೆ ಕಳ್ಳನ ಹೆಸರು ಹೇಳಲಿ. ಹೆಸರು ಸಿಕ್ಕರೆ ತಪ್ಪು ಜಾಗದ್ದಲ್ಲ, ಆ ಮನುಷ್ಯನದು. ಓಣಿಯಲ್ಲಿ ಪತ್ತೆಯಾಗದ ಕಳವುಗಳೆಲ್ಲ ಅವನ ತಲೆಗೆ ಹೋಗ್ತವೆ, ಓಣಿ ಹಸಿರಾಗುತ್ತೆ."

"ಆ ಮನುಷ್ಯ?"

"ಅವನ ಮುಖ ಎಲ್ಲ ಕಂಬಕ್ಕೂ ಗೊತ್ತಾಗುತ್ತೆ. ಎಲ್ಲಿ ನಿಂತರೂ ಬಿಳಿ ಬೆಳಕು. ಸರ್ಕಾರಿ ಕೆಲಸ ಇದ್ರೆ ಹೋಯ್ತು. ಕಂಬಕ್ಕೆ ಕ್ಯಾಮೆರಾ ಜೋಡಿಸ್ತಿದ್ದ ಆ ಮೆಕ್ಯಾನಿಕ್‌ನ ಮರೆತ್ರಾ? ಅವನ ಹೆಸರು ಬಂದದ್ದೇ ತಡ, ಅವನ ಕೈ ಮುಟ್ಟಿದ ಕ್ಯಾಮೆರಾ ಎಲ್ಲವನ್ನೂ ಯಂತ್ರ ತಾನಾಗೇ ಲೆಕ್ಕದಿಂದ ಕಿತ್ತುಹಾಕ್ತು. ಕಳ್ಳನ ಕೈಯ ಕೆಲಸ ನಂಬೋ ಹಾಗಿಲ್ಲ ನೋಡಿ. ಮೂರು ತಿಂಗಳು ನನ್ನ ಜೀವ ತಿಂದುಬಿಡ್ತು." ಆಮೇಲೆ ಅವರು ನಕ್ಕರು. "ನಿಮ್ಮ ಓಣಿ ಕೆಂಪಾಗಿರೋದು ಕೇಂದ್ರಕ್ಕೇನೂ ಕೆಟ್ಟದ್ದಲ್ಲ. ಯಂತ್ರ ಕೆಲಸ ಮಾಡೋದನ್ನ ಬೇರೆ ಊರಿನವರು ನೋಡೋಕೆ ಬರ್ತಿದ್ದಾರೆ. ಪಾಪ, ಒಂದು ಹೆಸರು ಹುಡುಕಿ."

ಇಂದುಮತಿಗೆ ಮೈ ಉರಿಯಿತು. ಆ ಪಾಪ ಎಂಬ ಮಾತಿಗೆ ಅವರ ಕಾಫಿಯನ್ನು ಅವರ ತಲೆಯ ಮೇಲೇ ಸುರಿಯಬೇಕು ಎನಿಸಿತು. ಸುರಿಯಲಿಲ್ಲ. ಮನೆಗೆ ಬಂದಳು.

ಅವಳು ಬಂದಾಗ ಓಣಿಯ ಜನ ಬಿಳಿ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕಟ್ಟೆಯ ಮುಂದೆ ಸೇರಿದ್ದರು. ಒಂದು ಹೆಸರು ಹೇಳಿದರೆ ಓಣಿ ಬಿಡುಗಡೆ ಎಂಬ ಸುದ್ದಿ ಕೇಂದ್ರದವರ ಬಾಯಿಂದ ಅವಳಿಗಿಂತ ಮೊದಲೇ ತಲುಪಿತ್ತು.

"ಹೊರಸು ನಾ ಒಯ್ದಾವ. ನನ್ನ ಹೆಸರಽ ಹೇಳ್ರಿ" ಎಂದ ಮಲ್ಲೇಶಿ.

"ಹೇಳಿ ಏನ್ ಮಾಡೂದು? ನೌಕರಿ ಹೋಗತೈತಿ" ಎಂದಳು ಗೌರಕ್ಕ. ಆಮೇಲೆ ದನಿ ಇಳಿಸಿದಳು. "ಯಮನೂರಪ್ಪ ಅದಾನಲ್ಲ."

ಯಮನೂರಪ್ಪ ಚಾಕು ಕತ್ತರಿಗೆ ಸಾಣೆ ಹಿಡಿಯುವವ. ಓಣಿಗೆ ಬಾಡಿಗೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಈ ಸಲ ಕಾಮಣ್ಣನ ಕಟ್ಟಿಗೆಗೆ ತನ್ನನ್ನೂ ಕರೆದರೆಂದು ಹಿಗ್ಗಿ ಹೀರೇಕಾಯಿಯಾಗಿ, ಮಲ್ಲೇಶಿ ಹೊತ್ತ ಹೊರಸಿನ ಒಂದು ಕಾಲು ಹಿಡಿದು ಹಿಂದೆ ಓಡಿದ್ದ.

"ಅವಗ ಹೆಂಡ್ರಿಲ್ಲ, ಮಕ್ಕಳಿಲ್ಲ" ಎಂದರು ಒಬ್ಬರು.

"ಅಂವ ಯಾವ ಊರಾಂವೋ ಯಾರಿಗೆ ಗೊತ್ತು" ಎಂದರು ಇನ್ನೊಬ್ಬರು.

ಇಷ್ಟು ದಿನ ಆತನ ಕೈಲಿ ಈಳಿಗೆ ಹರಿತ ಮಾಡಿಸಿಕೊಂಡವರೇ ಎಲ್ಲರೂ. ಯಮನೂರಪ್ಪ ತನ್ನ ಸಾಣೆಯ ಗಾಲಿಯನ್ನು ಹಿಡಿದುಕೊಂಡು ಹಿಂದೆ ನಿಂತಿದ್ದ. ಎಲ್ಲ ಕೇಳಿಸುತ್ತಿತ್ತು. ಅವನ ಮುಖ ನೋಡಿ ಇಂದುಮತಿಗೆ ನಾಚಿಕೆಯಾಯಿತು.

"ನಾಳೆ ರಂಗಪಂಚಮಿ ಬೆಂಕಿ ಮುಂದ ಬಸಲಿಂಗಕ್ಕ ಹೆಸರು ಹೇಳ್ಲಿ" ಎಂದು ತೀರ್ಮಾನವಾಯಿತು. ಬಸಲಿಂಗವ್ವ ಎದ್ದು ಒಳಗೆ ಹೋದಳು.

ಮನೆಯಲ್ಲಿ ಇಂದುಮತಿ ಕೇಳಿದಳು. "ಅತ್ತೀ, ಯಮನೂರಪ್ಪನ ಹೆಸರು ಹೇಳ್ತೀರೇನು?"

"ಹೇಳದಿದ್ರ ಕಟ್ಟಿ ಹೋಗತೈತಿ. ಹೇಳಿದ್ರ ನಾ ಸತ್ತ ಮ್ಯಾಲೂ ನನ್ನ ನಾಲಿಗಿ ಹುಳಾ ಬೀಳ್ತೈತಿ. ಹೋಗು, ನಿನ್ನ ಕಂಬಕ್ಕ ಕೇಳ್ಕೊ ಹೋಗು, ಯಾವದು ಚಲೋ ಅಂತ." ಬಸಲಿಂಗವ್ವ ಗೋಡೆಗೆ ಒರಗಿಸಿದ್ದ ರೊಟ್ಟಿ ಬಡಿಯುವ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒರೆಸುತ್ತಾ ಕೂತಳು. ಆಕೆಯ ತಾಯಿ ತವರಿನಿಂದ ಕೊಟ್ಟು ಕಳಿಸಿದ ತೇಗದ ಮಣೆ. ಬಡಿದು ಬಡಿದು ನಡುವೆ ಅಂಗೈಯಷ್ಟು ತಗ್ಗಾಗಿತ್ತು. ಕಾಮಣ್ಣನ ಹುಡುಗರು ಯಾವ ವರ್ಷವೂ ಅದರ ತಂಟೆಗೆ ಹೋದವರಲ್ಲ.

ಇಂದುಮತಿ ಮಣೆಯನ್ನು ನೋಡಿದಳು. ಚಂದ್ರಮೌಳಿಯವರು ಹೇಳಿದ ಮೆಕ್ಯಾನಿಕ್‌ನ ಮಾತು ನೆನಪಾಯಿತು. ಕಳ್ಳನ ಕೈ ಮುಟ್ಟಿದ ಕೆಲಸವನ್ನೆಲ್ಲ ಯಂತ್ರ ತಾನಾಗೇ ಕಿತ್ತುಹಾಕುತ್ತದೆ. ಊರಿನ ಕಂಬಗಳ ಕಿವಿ ಪೂರ್ತಿ ಅವಳ ಕೈಯ ಕೆಲಸ. ಅತ್ತೆಗೆ ಹೇಳಿ ಮಾಡಿಸೋಣವೆಂದರೆ ಆಕೆಗೆ ಎಲ್ಲ ಬರುತ್ತದೆ, ನಟಿಸಲು ಬರುವುದಿಲ್ಲ. ಕಂಬಕ್ಕೆ ಸುಳ್ಳು ಸಿಟ್ಟು ತಿಳಿಯುತ್ತದೆ, ಅದನ್ನು ಕಲಿಸಿದವಳೂ ಇಂದುಮತಿಯೇ. ಅವಳು ಗಂಡನಿಗೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಬಣ್ಣದಾಟ ಮುಗಿಯಿತು. ಹೊತ್ತು ಮುಳುಗುವ ಮುಂದೆ ಕಟ್ಟೆಯ ಎದುರಿನ ಬಯಲಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಕೊಟ್ಟರು. ಹಲಗೆ ಬಾರಿಸುವವರ ಕೈಯಲ್ಲಿ ಹುರುಪಿರಲಿಲ್ಲ. ಎಲ್ಲರೂ ಬಸಲಿಂಗವ್ವನ ಬಾಯಿ ನೋಡುತ್ತಿದ್ದರು. ಆಕೆ ಕಂಬದ ಕೆಳಗೆ ಬಂದು ನಿಂತಳು. ಯಮನೂರಪ್ಪ ತಲೆ ತಗ್ಗಿಸಿದ.

ಆಗ ಇಂದುಮತಿ ಮನೆಯೊಳಗಿಂದ ಹೊರಬಂದಳು. ಮಣೆಯನ್ನು ತಲೆಯ ಮೇಲೆ ಹೊತ್ತಿದ್ದಳು. ಹಬ್ಬದ ತಂಡ ಓಡುವ ಹಾಗೆಯೇ ನಡುಓಣಿಯಲ್ಲಿ ಓಡಿ, ಅತ್ತೆಯ ಕಣ್ಣೆದುರೇ ಅದನ್ನು ಬೆಂಕಿಗೆ ಎಸೆದಳು. ಕಾಮಣ್ಣನಿಗೆ ಬಿದ್ದದ್ದನ್ನು ಯಾರೂ ಮರಳಿ ತೆಗೆಯುವಂತಿಲ್ಲ. ಹಲಗೆಯ ಬಡಿತ ನಿಂತಿತು.

ಬಸಲಿಂಗವ್ವನ ಬಾಯಿಂದ ಹೊರಟ ದನಿಯನ್ನು ಆ ಓಣಿ ಎಂದೂ ಕೇಳಿರಲಿಲ್ಲ.

"ನನ್ನ ಮಣಿ! ನಮ್ಮವ್ವನ ಮಣಿ! ನನ್ನ ಸೊಸಿ ಇಂದುಮತಿ ನನ್ನ ಮಣಿ ಕದ್ದಾಳ್ರೋ! ಕಳ್ಳಿ! ಮನಿಮುರುಕಿ! ನಿನ್ನ ಕೈಗೆ ಕರಿನಾಗರ ಕಡೀಲಿ! ಇಂದುಮತಿ ಕಳ್ಳಿ!"

ಸಿಟ್ಟಿನಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿರಲಿಲ್ಲ. ಆಕೆ ಬೆಂಕಿಯತ್ತ ನುಗ್ಗಿದಳು, ಮಲ್ಲೇಶಿ ಹಿಡಿದುಕೊಂಡ. "ಹುಚ್ಚು ಹಿಡೀತೇನ ನಿನಗ?" ಎಂದು ಅವನೂ ಹೆಂಡತಿಯ ಮೇಲೆ ಕೂಗಿದ. ಇಂದುಮತಿ ಬೆಂಕಿಯ ಪಕ್ಕದಿಂದ ಕದಲಲಿಲ್ಲ. ಬೈಗುಳ ಒಂದೊಂದೂ ತಾಗಿತು. ತಾಗಲೆಂದೇ ಮಾಡಿದ್ದು, ಆದರೂ ತಾಗಿತು.

ಕಂಬದ ಸೊಳ್ಳೆಯ ಸದ್ದು ನಿಂತಿತು. ಬಿಳಿ ಬೆಳಕು ಇಳಿದು, ಮೊದಲಿನ ಹಳದಿ ಬೆಳಕು ಬಂತು. ಅಷ್ಟು ದಿನ ರಚ್ಚೆ ಹಿಡಿದ ಕೂಸೊಂದು ತಾಯಿಯ ಹೆಗಲ ಮೇಲೆ ಅಳು ನಿಲ್ಲಿಸಿತು. ಜನ ಕಂಬದ ಕಡೆ ತಲೆಯೆತ್ತಿ ನೋಡಿದರು, ಆಮೇಲೆ ಇಂದುಮತಿಯ ಕಡೆ ನೋಡಿದರು.

ಕೇಂದ್ರದಲ್ಲಿ ಚಂದ್ರಮೌಳಿಯವರ ಮುಂದೆ ಊರಿನ ನಕ್ಷೆ ಓಣಿ ಓಣಿಯಾಗಿ ಬಣ್ಣ ಕಳೆದುಕೊಂಡಿತು. ಕಿವಿಯಿಂದ ಬಂದ ಅಂಕಗಳನ್ನೆಲ್ಲ ಯಂತ್ರ ಹೆಕ್ಕಿ ಹೆಕ್ಕಿ ಎಸೆಯುತ್ತಿತ್ತು. ಅವರು ಇಂದುಮತಿಗೆ ಫೋನ್ ಮಾಡಿದರು.

"ಏನ್ರೀ ಮಾಡಿದ್ರಿ? ಊರಿಗೆ ಊರೇ ಕಿವುಡಾಗಿದೆ! ನಿಮ್ಮ ಹೆಸರು ಕಳ್ಳರ ಪಟ್ಟಿಯಲ್ಲಿ ಬಂದಿದೆ!"

"ಹೌದು ಸರ್, ಕದ್ದಿದ್ದೀನಿ."

"ತೆಗೆಯೋಕಾಗಲ್ಲ ಗೊತ್ತಾ? ಸಾಯೋವರೆಗೂ ಇರುತ್ತೆ."

"ಗೊತ್ತು ಸರ್. ತೆಗೆಯಾಕ ಜಾಗ ಇಡಬ್ಯಾಡ್ರಿ ಅಂತ ನಾನೇ ಹೇಳಿದ್ದೆ."

ಅವರು ಏನೋ ಬೈದರು. ಮೈಸೂರಿನ ಬೈಗುಳ, ಉಪ್ಪಿರಲಿಲ್ಲ, ಖಾರವಿರಲಿಲ್ಲ. ಇಂದುಮತಿ ಫೋನ್ ಇಟ್ಟಳು. ಕೆಲಸ ಹೋದ ಸುದ್ದಿ ಮರುದಿನ ಬಂತು. ಕಟ್ಟೆ ಒಡೆಯುವವರು ಬರಲಿಲ್ಲ.

ಕಂಬಗಳ ಕಿವಿ ಹೋಗಿತ್ತು, ಕಣ್ಣು ಹೋಗಿರಲಿಲ್ಲ. ಇಂದುಮತಿ ಸಂತೆಗೆ ಹೋದರೆ ಅವಳ ತಲೆಯ ಮೇಲೆ ಬಿಳಿ ಬೆಳಕು. ಬಸ್ಸಿಗೆ ಕಾದರೆ ಬಿಳಿ ಬೆಳಕು. ಅಂಗಡಿಯವರು ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಡುತ್ತಿದ್ದರು, ಜನ ಸರಿದು ನಿಲ್ಲುತ್ತಿದ್ದರು. ಒಂದು ಸಲ ಅವಳು ದಾರಿಯಲ್ಲೇ ಅತ್ತಳು. ಅತ್ತದ್ದೂ ಬೆಳಕಿನಲ್ಲಿ ಎಲ್ಲರಿಗೂ ಕಂಡಿತು. ಓಣಿಯಲ್ಲಿ ಯಾರೂ ಅವಳನ್ನು ಹೊಗಳಲಿಲ್ಲ. ಗೌರಕ್ಕ ಕಣ್ಣು ತಪ್ಪಿಸುತ್ತಿದ್ದಳು. ಯಮನೂರಪ್ಪ ಒಂದು ದಿನ ಹೇಳದೆ ಕೇಳದೆ ಅವರ ಮನೆಯ ಈಳಿಗೆ ಒಯ್ದು, ಹರಿತ ಮಾಡಿ, ಹೊಸ್ತಿಲ ಮೇಲೆ ಇಟ್ಟು ಹೋದ. ಅತ್ತೆ ಮಾತ್ರ ಸೊಸೆಯ ಜೊತೆ ಮಾತು ಬಿಟ್ಟಿದ್ದಳು.

ಯುಗಾದಿ ಹತ್ತಿರ ಬಂದಿತ್ತು. ಒಂದು ಸಂಜೆ ಇಂದುಮತಿ ಮನೆಯೊಳಗಿನ ಸೆಕೆ ತಾಳದೆ ಹೊರಬಂದು, ಕಟ್ಟೆಯ ತುದಿಗೆ ಕೂತಳು. ಕಂಬ ಅವಳನ್ನು ಗುರುತಿಸಿತು. ಕಟ್ಟೆಯ ಮೇಲೆಲ್ಲ ಬಿಳಿ ಬೆಳಕು ಬಿತ್ತು, ಕಿವಿಯ ಹಿಂದೆ ಸದ್ದು ಎದ್ದಿತು. ಉಣ್ಣುತ್ತಿದ್ದ ಹಮಾಲರು ಕೈ ನಿಲ್ಲಿಸಿದರು. ಅವಳು ಎದ್ದು ಒಳಗೆ ಹೊರಟಳು.

"ಎಲ್ಲಿ ಹೊಂಟಿ?" ಬಸಲಿಂಗವ್ವ ಒಲೆಯ ಮುಂದಿನಿಂದ ಕೇಳಿದಳು.

"ಎಲ್ಲಾರ ಕಣ್ಣಿಗೂ ಚುಚ್ಚತೈತ್ರಿ, ಅತ್ತೀ."

"ಚುಚ್ಚಲಿ. ಕೂಡು." ಆಕೆ ಜೋಳದ ಮೊರವನ್ನು ಸೊಸೆಯ ಪಕ್ಕಕ್ಕೆ ಸರಿಸಿದಳು. ತಾನೂ ಬಂದು ಕೂತಳು. ಬೆಳಕಿನಲ್ಲಿ ಒಂದು ಹಿಡಿ ಜೋಳ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು. "ಹಿಂದಿನ ಬೆಳಕಿನಾಗ ಕಲ್ಲು ಕಾಣ್ತಿದ್ದಿಲ್ಲ. ಹಲ್ಲು ಮುರಕೊಂಡು ತಿಂತಿದ್ರು ಇವ್ರು. ನೀ ದಿನಾ ಸಂಜೀಕ ಇಲ್ಲೇ ಕೂಡು. ಜ್ವಾಳ ಹಸನ ಆಗ್ತೈತಿ."

ಗೌರಕ್ಕ ತನ್ನ ಅಕ್ಕಿಯ ಮೊರ ಹಿಡಿದು ಹೊಸ್ತಿಲಲ್ಲಿ ಅನುಮಾನಿಸುತ್ತಾ ನಿಂತಿದ್ದಳು. ಬಸಲಿಂಗವ್ವ ಕತ್ತು ಹೊರಳಿಸಿದಳು. "ಬಾರಬೇ, ನೋಡ್ಕೋತ ನಿಂತಿ. ನನ್ನ ಸೊಸಿ ಬೆಳಕು, ಪುಗಸಟ್ಟೆ ಐತಿ."

ಹಮಾಲರು ಮತ್ತೆ ರೊಟ್ಟಿ ಮುರಿದರು. ಇಂದುಮತಿ ಕಲ್ಲು ಹೆಕ್ಕುತ್ತಾ ಕೂತಳು. ಕಣ್ಣು ಮಂಜಾಗಿ ಯಾವುದು ಕಲ್ಲು, ಯಾವುದು ಜೋಳ ತಿಳಿಯದೆ ಎರಡನ್ನೂ ಒಟ್ಟಿಗೆ ಎಸೆದಳು.

"ಕೈ ಸೇದಿ ಹೋಗೈತೇನ ನಿಂದು!" ಬಸಲಿಂಗವ್ವನ ದನಿ ಓಣಿಯ ಎರಡೂ ಬಾಯಿಗೆ ಮುಟ್ಟಿತು. "ಕಲ್ಲು ಒಗೀ ಅಂದ್ರ ಜ್ವಾಳ ಒಗೀತಾಳ! ನಮ್ಮವ್ವನ ಮಣಿ ಸುಟ್ಟಾಕಿ, ಮಿಂಡಗಳ್ಳಿ! ಹೋಳಿ ಬರಲಿ ತಡಿ, ಮುಂದಿನ ವರ್ಷ ಏನ್ ಕದೀತಿ ನೋಡ್ತೇನಿ!"

ಕಂಬಕ್ಕೆ ಅದು ಕೇಳಲಿಲ್ಲ. ಓಣಿಯವರಿಗೆಲ್ಲ ಕೇಳಿತು.